ಗೂಗಲ್‌ನಲ್ಲೇ ಹುಡುಕಿ, ಆದರೆ ಊರಲ್ಲಿ

ಗೂಗಲ್ ಅಂದರೆ ನಮಗೆಲ್ಲ ಮೊದಲು ಫೋನು ನೆನಪಾಗುತ್ತೆ. ದೇವದುರ್ಗ, ಮಾನ್ವಿ ಕಡೆಯ ಗೆಳೆಯರಿಗೆ ಅದು ಕೃಷ್ಣಾ ದಂಡೆಯ ಹಳ್ಳಿ. ತೆಲುಗಿನ ವ್ಯವಹಾರ ನಿರ್ವಹಣೆಯ ಪುಸ್ತಕ ಕನ್ನಡಕ್ಕೆ ಬರಬೇಕು ಅಂದರೆ ಯಾವ ಗೂಗಲ್‌ಗೆ ಹೋಗಬೇಕು? ಊರಿನ ಕಡೆಗೇ ಅಂತೀವಿ ನಾವು.

"ಎರಡೂ ಒಂದೇ ಥರ ಇವೆ, ಅದಕ್ಯಾಕೆ ಅನುವಾದಕ?" ಅಂತ ಕೇಳೋರಿದ್ದಾರೆ. ನಿಜ, ಲಿಪಿಗಳು ಅಕ್ಕತಂಗಿಯರ ಹಾಗಿವೆ. ಲಾಭ, ನಷ್ಟ, ಆದಾಯ, ಖರ್ಚು ಎರಡರಲ್ಲೂ ಅವೇ. ತೊಂದರೆ ಶುರುವಾಗೋದೇ ಅಲ್ಲಿಂದ. ತೆಲುಗಿನ ‘ಜೀತಂ’ ಅಂದರೆ ಸಂಬಳ. ಅಕ್ಷರ ಮಾತ್ರ ಬದಲಿಸಿ ‘ಜೀತ’ ಅಂತ ಇಟ್ಟರೆ ನೌಕರ ಜೀತದಾಳಾಗ್ತಾನೆ. ಆ ಪದ್ಧತಿಯನ್ನ 1976ರ ಕಾಯ್ದೆಯೇ ರದ್ದು ಮಾಡಿದೆ! ‘ಪರಿಶ್ರಮ’ ಅವರಿಗೆ ಕೈಗಾರಿಕೆ, ನಮಗೆ ಬೆವರು. ‘ಮಾರ್ಪು’ ಅಂದರೆ ಬದಲಾವಣೆ, ಮಾರಾಟ ಅಲ್ಲ. ‘ಅಪ್ಪು’ ಅಂದರೆ ಸಾಲ. ನಮಗೆ ಅಪ್ಪು ಅಂದರೆ ಒಬ್ಬರೇ ಬಿಡಿ.

ಇದನ್ನೆಲ್ಲ ಮಷೀನು ಸರಿಯಾಗಿ ಮಾಡುತ್ತೆ ಅಂತಾರೆ ಕಂಪ್ಯೂಟರ್ ಸೈನ್ಸ್‌ನವರು. ಬಿಡಿಪದಗಳ ಮಟ್ಟಿಗೆ ಒಪ್ಪೋಣ. ಕನ್ನಡ, ತೆಲುಗು ಎರಡೂ 2011ರಲ್ಲೇ ಗೂಗಲ್ ಟ್ರಾನ್ಸ್‌ಲೇಟ್‌ಗೆ ಬಂದಿವೆ. ಆದರೆ ತೆಲುಗಿನಲ್ಲಿ ‘ನಾವು’ ಎರಡಿವೆ. ‘ಮನ ಲಾಭಂ’ ಅಂದರೆ ನಿಮ್ಮದೂ ಸೇರಿದ ನಮ್ಮ ಲಾಭ. ‘ಮಾ ಲಾಭಂ’ ಅಂದರೆ ನಿಮ್ಮನ್ನ ಬಿಟ್ಟು, ನಮ್ಮದಷ್ಟೇ. ಕನ್ನಡದಲ್ಲಿ ಎರಡೂ ‘ನಮ್ಮ ಲಾಭ’, ಇಂಗ್ಲಿಷಿನಲ್ಲೂ ಹಾಗೇ. ಪಾಲುದಾರಿಕೆಯ ಪಾಠದಲ್ಲಿ ಈ ವ್ಯತ್ಯಾಸ ಹೋದರೆ ದುಡ್ಡು ಯಾರದು ಅನ್ನೋದೇ ಗೊತ್ತಾಗಲ್ಲ. ವ್ಯವಹಾರ ಗೊತ್ತಿರೋರು ಒಂದು ಕಡೆ ‘ಇಬ್ಬರಿಗೂ ಸೇರಿದ ಲಾಭ’, ಇನ್ನೊಂದು ಕಡೆ ‘ಕಂಪನಿಯ ಲಾಭ’ ಅಂತ ಬಿಡಿಸಿ ಬರೀತಾರೆ.

ಅಂಥವರು ರಾಯಚೂರಲ್ಲಿ ಸಿಗ್ತಾರೆ. 1956ರವರೆಗೆ ಈ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಹತ್ತಿ, ಭತ್ತದ ವ್ಯಾಪಾರದಲ್ಲಿ ಇವತ್ತಿಗೂ ಎರಡೂ ಮಾತು ಕೇಳುತ್ತೆ. ಮಾನ್ವಿ ಕಡೆಯ ಕ್ಯಾಂಪುಗಳಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಅಂತ ಬೆಳೆದವರಿದ್ದಾರೆ. ಹಾಗಂತ ಎರಡೂ ಮಾತಾಡೋರೆಲ್ಲ ಅನುವಾದಕರಲ್ಲ. ಮೊದಲು ಒಂದು ಪುಟ ಕೊಟ್ಟು ನೋಡಿ. ಒಂದು ಪದಕ್ಕೆ ಇಟ್ಟ ಕನ್ನಡವನ್ನ ಕೊನೇವರೆಗೂ ಉಳಿಸಿಕೊಂಡಿದ್ದಾರಾ? ತೆಲುಗು ಬಾರದ ಕಿರಾಣಿ ಅಂಗಡಿಯವರಿಗೆ ಓದಿ ಹೇಳಿದರೆ ತಿಳಿಯುತ್ತಾ? ಹೌದಾದರೆ ಅವರನ್ನ ಬಿಡಬೇಡಿ.

"ನಿಂಗೆ ತೆಲುಗು ಬರುತ್ತಲ್ಲ ಮಗಾ, ಮಾಡ್ಕೊಡು" ಅಂತ ಹಾಸ್ಟೆಲ್ ಗೆಳೆಯನ ತಲೆಗೆ ನಲವತ್ತು ಪುಟ ಕಟ್ಟೋದಿದೆಯಲ್ಲ, ಅದು ಮಾತ್ರ ಕನ್ನಡದ ಜೀತವೇ. ಪುಟಕ್ಕೆ ಎಷ್ಟು ಅಂತ ಮೊದಲೇ ಮಾತಾಡಿ, ಅರ್ಧ ದುಡ್ಡು ಮುಂಗಡ ಕೊಡಿ.