ಒಳಗೊಂದು ಹೆಸರು, ಹೊರಗೊಂದು ಹೆಸರು



ಅಂಚೆಯಲ್ಲಿ ನಿಮ್ಮ ಮನೆಗೊಂದು ಪತ್ರ ಬರುತ್ತದೆ ಎಂದಿಟ್ಟುಕೊಳ್ಳಿ. ಒಳಗಿನ ಹಾಳೆಯಲ್ಲಿ ದೊಡ್ಡ ಕಂಪೆನಿಯೊಂದರ ಹೆಸರು, ಮುದ್ರೆ, ಸಹಿ ಎಲ್ಲವೂ ಇದೆ. ಆದರೆ ಲಕೋಟೆಯ ಮೇಲಿರುವ 'ಇಂದ' ವಿಳಾಸ ಯಾವುದೋ ಊರಿನ ಬಾಡಿಗೆ ಕೋಣೆಯದ್ದು. ನೀವು ಸುಮ್ಮನಿರುತ್ತೀರಾ? 'ಇದೇನು, ಒಳಗೊಂದು ಹೊರಗೊಂದು?' ಎಂದು ಖಂಡಿತ ಕೇಳುತ್ತೀರಿ. ಇಮೇಲ್‌ಗೂ ಇಂಥದೊಂದು ಲಕೋಟೆ ಇದೆ. ಆದರೆ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಪರಿಚಯದ ಮನೆಯೊಂದರಲ್ಲಿ ಹೀಗೇ ಆಯಿತು. ಕೊಲ್ಲಿಯ ಕಂಪೆನಿಯೊಂದಕ್ಕೆ ಅರ್ಜಿ ಹಾಕಿದ್ದ ಮಗನಿಗೆ ಕೆಲಸ ಸಿಕ್ಕಿದೆಯೆಂದು ಇಮೇಲ್ ಬಂತು. ವೀಸಾ ಖರ್ಚಿಗೆ ಹಣ ಕಳುಹಿಸಬೇಕೆಂದು ಅದರಲ್ಲಿತ್ತು. ತಾಯಿ ಬಳೆ ಅಡವಿಟ್ಟು ಹಣ ಹೊಂದಿಸಿದರು. ಕೆಲಸವೂ ಇಲ್ಲ, ಹಣವೂ ಇಲ್ಲ. "ಕಂಪೆನಿಯ ವಿಳಾಸದಿಂದಲೇ ಬಂದಿತ್ತಲ್ಲಾ?" ಎಂದು ಆಕೆ ಕೇಳಿದರು. ಈ ಪ್ರಶ್ನೆಗೆ ಉತ್ತರ ನಾವೆಲ್ಲರೂ ತಿಳಿದಿರಬೇಕು.

1982ರಲ್ಲಿ ಜಾನ್ ಪೋಸ್ಟೆಲ್ ಎಂಬವರು ಇಮೇಲ್ ಸಾಗಾಟದ ನಿಯಮಗಳನ್ನು ಬರೆದಾಗ, ಕಳುಹಿಸುವವನು ತನ್ನದೆಂದು ಬರೆದ ವಿಳಾಸ ನಿಜವೇ ಎಂದು ನೋಡುವ ಏರ್ಪಾಡು ಇರಲಿಲ್ಲ. ಮುಂದೆ ಎರಡು ಪರೀಕ್ಷೆಗಳು ಬಂದವು. ಒಂದು ಎಸ್‌ಪಿಎಫ್. 'ನಮ್ಮ ಹೆಸರಿನಲ್ಲಿ ಪತ್ರ ಸಾಗಿಸಲು ಈ ಯಂತ್ರಗಳಿಗೆ ಮಾತ್ರ ಅನುಮತಿ' ಎಂದು ಡೊಮೈನ್‌ನ ಒಡೆಯರು ಪಟ್ಟಿ ಪ್ರಕಟಿಸುತ್ತಾರೆ. ಡೊಮೈನ್ ಎಂದರೆ ವಿಳಾಸದಲ್ಲಿ ಆ್ಯಟ್ ಚಿಹ್ನೆಯ ನಂತರದ ಭಾಗ. ಇನ್ನೊಂದು ಡಿಕಿಮ್. ಇದು ಪತ್ರಕ್ಕೆ ಒತ್ತುವ ಗುಪ್ತ ಮೊಹರು. ದಾರಿಯಲ್ಲಿ ಪತ್ರವನ್ನು ತಿದ್ದಿದರೆ ಮೊಹರು ಒಡೆಯುತ್ತದೆ.

ಹಾಗಾದರೆ ಮೋಸ ನಿಲ್ಲಬೇಕಿತ್ತಲ್ಲ? ಇಲ್ಲ. ಎಸ್‌ಪಿಎಫ್ ನೋಡುವುದು ಲಕೋಟೆಯ ಡೊಮೈನನ್ನು. ಡಿಕಿಮ್ ನೋಡುವುದು ಮೊಹರು ಹಾಕಿದವರ ಡೊಮೈನನ್ನು. ನಾವು ಓದುವುದಾದರೋ ಪತ್ರದೊಳಗಿನ 'ಫ್ರಮ್' ಸಾಲನ್ನು. ಮೋಸಗಾರ ಲಕೋಟೆಗೂ ಮೊಹರಿಗೂ ತನ್ನದೇ ಡೊಮೈನ್ ಬಳಸಿ ಎರಡರಲ್ಲೂ ತೇರ್ಗಡೆಯಾಗುತ್ತಾನೆ, 'ಫ್ರಮ್' ಸಾಲಿನಲ್ಲಿ ಮಾತ್ರ ಕಂಪೆನಿಯ ಹೆಸರು ಬರೆಯುತ್ತಾನೆ.

ಈ ಕಂಡಿ ಮುಚ್ಚಲು 2012ರಲ್ಲಿ ಬಂದದ್ದೇ ಡಿಮಾರ್ಕ್. ಅದರ ಜೀವಾಳ 'ಅಲೈನ್‌ಮೆಂಟ್', ಅಂದರೆ ಹೊಂದಿಕೆ. ಪರೀಕ್ಷೆ ಪಾಸಾದರೆ ಸಾಲದು, ಪಾಸಾದ ಡೊಮೈನ್ ಮತ್ತು 'ಫ್ರಮ್' ಸಾಲಿನ ಡೊಮೈನ್ ಒಂದೇ ಆಗಿರಬೇಕು. ಲಕೋಟೆ, ಮೊಹರು ಇವೆರಡರಲ್ಲಿ ಒಂದು ಹೊಂದಿದರೂ ಸಾಕು. ಏಕೆಂದರೆ ಪ್ರಾಮಾಣಿಕ ಪತ್ರವನ್ನೂ ಬೇರೊಂದು ವಿಳಾಸಕ್ಕೆ ರವಾನಿಸುವಾಗ ಎಸ್‌ಪಿಎಫ್ ತಪ್ಪಿಹೋಗಬಹುದು. ಆಗ ಮೊಹರು ಕೈಹಿಡಿಯುತ್ತದೆ.

ಹೊಂದಿಕೆಯಲ್ಲಿ ಸಡಿಲ, ಬಿಗಿ ಎಂಬ ಎರಡು ಬಗೆ. 'ಮೇಲ್ ಡಾಟ್ ಅಂಗಡಿ ಡಾಟ್ ಕಾಮ್' ಮತ್ತು 'ಅಂಗಡಿ ಡಾಟ್ ಕಾಮ್' ಒಂದೇ ಮನೆಯ ಎರಡು ಕೋಣೆಗಳು. ಸಡಿಲ ನಿಯಮ ಇದನ್ನು ಒಪ್ಪುತ್ತದೆ. ಬಿಗಿ ನಿಯಮಕ್ಕೆ ಅಕ್ಷರಕ್ಕೆ ಅಕ್ಷರ ಕೂಡಬೇಕು.

ಹೊಂದದ ಪತ್ರವನ್ನು ಏನು ಮಾಡಬೇಕೆಂದು ಡೊಮೈನ್‌ನ ಒಡೆಯರೇ ಹೇಳಬೇಕು: ಸುಮ್ಮನೆ ಬಿಡಿ, ಸ್ಪ್ಯಾಮ್‌ಗೆ ಹಾಕಿ, ಇಲ್ಲವೇ ತಿರಸ್ಕರಿಸಿ. ಅನೇಕರು 'ಸುಮ್ಮನೆ ಬಿಡಿ' ಎಂಬಲ್ಲಿಗೇ ನಿಲ್ಲುತ್ತಾರೆ. ಬೀಗ ತಂದು ಹಾಕದೆ ಇಟ್ಟಂತೆ! ಜಿಮೇಲ್‌ಗೆ ದಿನಕ್ಕೆ 5000ಕ್ಕೂ ಹೆಚ್ಚು ಪತ್ರ ಕಳುಹಿಸುವವರು ಡಿಮಾರ್ಕ್ ಇಟ್ಟುಕೊಳ್ಳಲೇಬೇಕು, ಹೊಂದಿಕೆಯೂ ಇರಬೇಕು ಎಂದು 2024ರ ಫೆಬ್ರವರಿಯಿಂದ ಗೂಗಲ್ ನಿಯಮ ಮಾಡಿದೆ.

ಇದನ್ನು ನೀವೂ ನೋಡಬಹುದು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಕಳುಹಿಸಿದವರ ಹೆಸರಿನ ಕೆಳಗಿರುವ ಪುಟ್ಟ ಬಾಣದ ಗುರುತನ್ನು ಒತ್ತಿರಿ. 'ಮೇಲ್ಡ್ ಬೈ' ಎಂಬುದು ಲಕೋಟೆ, 'ಸೈನ್ಡ್ ಬೈ' ಎಂಬುದು ಮೊಹರು. ಎರಡರಲ್ಲಿ ಒಂದೂ 'ಫ್ರಮ್' ವಿಳಾಸದ ಡೊಮೈನ್‌ಗೆ ಹೊಂದದಿದ್ದರೆ ಅಲ್ಲೇ ನಿಲ್ಲಿ. ಆ ಮನೆಯವರ ಪತ್ರದಲ್ಲಿ ಎರಡೂ ಬೇರೆಯೇ ಇದ್ದವು. ಆದರೆ ನೋಡಿದ್ದು ಹಣ ಹೋದ ಮೇಲೆ.

ಒಂದು ಎಚ್ಚರಿಕೆ. 'ಅಂಗಡಿ ಡಾಟ್ ಕಾಮ್' ಬದಲು 'ಅಂಗಡಿಜಾಬ್ಸ್ ಡಾಟ್ ಕಾಮ್' ಎಂಬ ಹೊಸ ಡೊಮೈನನ್ನೇ ಮೋಸಗಾರ ಕೊಂಡುಕೊಂಡರೆ ಲಕೋಟೆ, ಮೊಹರು, ಪತ್ರ ಎಲ್ಲವೂ ಹೊಂದುತ್ತವೆ! ಹೊಂದಿಕೆ ಹೇಳುವುದು 'ಈ ಪತ್ರ ಈ ಡೊಮೈನ್‌ನದ್ದೇ' ಎಂದು ಮಾತ್ರ. ಆ ಡೊಮೈನ್ ಯಾರದ್ದು, ಅವರು ಪ್ರಾಮಾಣಿಕರೇ ಎಂದು ಅದು ಹೇಳುವುದಿಲ್ಲ. ಅದನ್ನು ವಿಚಾರಿಸುವ ಕೆಲಸ ನಮ್ಮದು. ಹಣ ಕೇಳಿದ ಪತ್ರದಲ್ಲಿರುವ ಫೋನ್ ನಂಬರಿಗೆ ಕರೆಮಾಡಬೇಡಿ. ಕಂಪೆನಿಯ ನಂಬರನ್ನು ಬೇರೆ ಕಡೆಯಿಂದ ಹುಡುಕಿ ಕೇಳಿರಿ.

ಮೋಸ ಹೋದರೆ ನಾಚಿಕೆಪಟ್ಟು ಮುಚ್ಚಿಡಬೇಡಿ, ತಕ್ಷಣ 1930ಕ್ಕೆ ಕರೆಮಾಡಿ ದೂರು ಕೊಡಿ. ಇಂದು ರಾತ್ರಿ ಊಟವಾದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಒಂದು ಇಮೇಲ್ ತೆರೆದು, ಅದರ ಲಕೋಟೆಯನ್ನು ಒಟ್ಟಿಗೆ ನೋಡಿರಿ. ಬಳೆ ಅಡವಿಡುವ ಮುಂಚೆ ಮಾಡಬೇಕಾದ ಕೆಲಸವಿದು.