ಕುಂಚಾವರಂಗೆ ಮಲೆನಾಡಿನ ಹಂಗೇಕೆ?

ಈ ವಾರ ಮತ್ತೆ ಅದೇ ಬಗೆಯ ವಿಡಿಯೊ ಫೋನಿಗೆ ಬಂತು. ಡ್ರೋನ್ ಮೇಲೇರುತ್ತದೆ, ಎತ್ತಿಪೋತ ಜಲಪಾತ ಧುಮುಕುತ್ತದೆ, ಕೆಳಗೆ ದಪ್ಪಕ್ಷರದಲ್ಲಿ ‘ಬಿಸಿಲನಾಡಿನ ಮಿನಿ ಮಲೆನಾಡು’. ಕುಂಚಾವರಂ ಕಾಡಿಗೆ ಈ ಹೆಸರು ಅಂಟಿಸಿ ವರ್ಷಗಳೇ ಆದವು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಸ್ವಂತ ಹೆಸರಿರುವ ಊರನ್ನು ಇನ್ನೊಬ್ಬರ ಊರಿನ ಸಣ್ಣ ನಕಲು ಎಂದು ಕರೆಯುವುದಕ್ಕಿಂತ ದೊಡ್ಡ ಅವಮಾನ ಯಾವುದಿದೆ?

ಕುಂಚಾವರಂ ಕಾಡು ಸೇರಿರುವ, 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿ ಧಾಮ ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಧಾಮ ಎಂದು ಹೆಸರಾದದ್ದು. ವಿಸ್ತೀರ್ಣ ಸುಮಾರು 135 ಚದರ ಕಿಲೋಮೀಟರ್. ಇಲ್ಲಿ ತೋಳವಿದೆ, ಕತ್ತೆಕಿರುಬವಿದೆ, ಕೊಂಡುಕುರಿಯಿದೆ. ಆಗುಂಬೆಯ ಮಳೆಕಾಡಿನಲ್ಲಿ ತೋಳ ಬದುಕುವುದಿಲ್ಲ. ಅದಕ್ಕೆ ಬಯಲು ಬೇಕು, ಕುರುಚಲು ಬೇಕು. ಬೇಸಿಗೆ ಬಂತೆಂದರೆ ಈ ಕಾಡು ನೀರು ಉಳಿಸಿಕೊಳ್ಳಲು ಎಲೆ ಉದುರಿಸುತ್ತದೆ. ಬೋಳು ಕೊಂಬೆಗಳಲ್ಲಿ ಮುತ್ತುಗ ಹೂ ಬಿಡುವುದು ಆಗಲೇ.

ಬೆಂಗಳೂರಿನಲ್ಲಿರುವ ನಮ್ಮ ಅತ್ತೆಯ ಮಗ ಇಂಥದ್ದೇ ವಿಡಿಯೊ ನಂಬಿ ಏಪ್ರಿಲ್‌ನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದ. ಕಾರಿನಿಂದ ಇಳಿದವನೇ, “ಅಣ್ಣಾ, ಎಲ್ಲಾ ಒಣಗಿ ಹೋಗ್ಯಾವಲ್ಲೋ, ಮಲೆನಾಡು ಎಲ್ಲೈತಿ?” ಅಂದ. ಕಾಡಿನ ತಪ್ಪೇನೂ ಇರಲಿಲ್ಲ. ಸುಳ್ಳು ಹೆಸರು ಹೇಳಿ ಕರೆಸಿಕೊಂಡವರದ್ದು ತಪ್ಪು. ಒಣಕಾಡು ನೋಡಲು ಬನ್ನಿ ಎಂದಿದ್ದರೆ ಅವನ ಮಕ್ಕಳು ಬೇರೆ ಕಣ್ಣಿನಿಂದ ನೋಡುತ್ತಿದ್ದರು.

ಊರಿಗೆ ಹೆಸರು ಹೇಗೆ ಬರುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಶಹಾಬಾದ್ ನೋಡಿ. ಅಲ್ಲಿನ ಸುಣ್ಣದಕಲ್ಲು ನೆಲದಲ್ಲಿ ಪದರು ಪದರಾಗಿ ಕೂತಿದೆ. ಪದರಿನ ಸಂದು ಹುಡುಕಿ ಉಳಿ ಇಟ್ಟು ಬಡಿದು, ಹಾರೆ ತೂರಿಸಿ ಮೀಟಿದರೆ ಸಪಾಟಾದ ಹಾಸುಗಲ್ಲು ಎದ್ದು ಬರುತ್ತದೆ. ಸಂದು ತಪ್ಪಿದರೆ ಇಡೀ ಕಲ್ಲು ಚೂರು. ಉರಿಬಿಸಿಲಿನಲ್ಲಿ, ಧೂಳು ಕುಡಿಯುತ್ತ ಆ ಕೆಲಸ ಮಾಡಿದವರ ಕೈಯಿಂದ ಈ ಊರಿನ ಹೆಸರು ಮಹಾರಾಷ್ಟ್ರದ ಮನೆಮನೆಯ ನೆಲಕ್ಕೆ ಹೋಯಿತು. ಪುಣೆಯ ಅಜ್ಜಿಯರು ಇವತ್ತಿಗೂ ‘ಶಹಾಬಾದಿ ಫರಶಿ’ ಎನ್ನುತ್ತಾರೆ. ಜಾಹೀರಾತು ಕಂಪನಿಯೊಂದು ಕೂತು ಕಟ್ಟಿದ ಹೆಸರಲ್ಲ ಅದು. ಈಗ ಶಹಾಬಾದಿನಲ್ಲೇ ಹೊಸ ಮನೆಗೆ ಟೈಲ್ಸ್ ಹಾಕಿಸುತ್ತಾರೆ, ಗಣಿಗಳು ಸೊರಗುತ್ತಿವೆ. ಕಲಬುರಗಿ ಜಿಲ್ಲೆಯ ಸರ್ಕಾರಿ ಕಟ್ಟಡಗಳಿಗಾದರೂ ಈ ಕಲ್ಲನ್ನೇ ಹಾಸಬೇಕೆಂಬ ನಿಯಮ ಬರಲಿ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಬೇಳೆಗೆ ತೋರಿದ ಕಾಳಜಿ ಕಲ್ಲಿಗೂ ಬೇಕು.

ಸೇಡಂ ತಾಲ್ಲೂಕಿನ ಮಳಖೇಡದ ಕಥೆಯೂ ಇಂಥದ್ದೇ. ರಾಷ್ಟ್ರಕೂಟರ ರಾಜಧಾನಿ, ಅಮೋಘವರ್ಷ ಆಳಿದ ನೆಲ. ಹೆಸರು ಹೇಳಿದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಸಿಮೆಂಟ್ ಕಾರ್ಖಾನೆ.

ಇನ್ನು ಚಿತ್ತಾಪುರ. 2017ರ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಲಾಂಛನ ಬಿಡುಗಡೆಯಾಯಿತು, ಸ್ವಂತ ಲಾಂಛನ ಪಡೆದ ದೇಶದ ಮೊದಲ ನಗರ ಎಂದು ಕೊಂಡಾಡಿದರು. ಬಿಡುಗಡೆ ಮಾಡಿದ ಅಂದಿನ ಪ್ರವಾಸೋದ್ಯಮ ಸಚಿವ ಪ್ರಿಯಾಂಕ್ ಖರ್ಗೆ ಚಿತ್ತಾಪುರದ ಶಾಸಕರು. ಅದೇ ತಾಲ್ಲೂಕಿನ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ಅಶೋಕನ ಶಿಲ್ಪವಿದೆ, ಅದರ ಮೇಲೆ ಬ್ರಾಹ್ಮಿ ಅಕ್ಷರದಲ್ಲಿ ಅವನ ಹೆಸರೇ ಇದೆ. ಅಲ್ಲಿ ಅಗೆದು ತೆಗೆದ ಶಿಲ್ಪಗಳು ವರ್ಷಗಟ್ಟಲೆ ಬಯಲಲ್ಲಿ ಬಿದ್ದಿದ್ದವು. ಉತ್ಖನನ, ಸಂರಕ್ಷಣೆ ಕೇಂದ್ರದ ಪುರಾತತ್ವ ಇಲಾಖೆಯ ಹೊಣೆ, ಒಪ್ಪಿದೆ. ವಾಡಿ ಜಂಕ್ಷನ್‌ನಲ್ಲಿ ಇಳಿದವನನ್ನು ಸನ್ನತಿಗೆ ಮುಟ್ಟಿಸುವುದು ಮಾತ್ರ ರಾಜ್ಯದ ಪ್ರವಾಸೋದ್ಯಮ ಇಲಾಖೆಯದ್ದೇ ಕೆಲಸ. ಅದನ್ನು ಬಿಟ್ಟು ಬೆಂಗಳೂರಿನ ಅಕ್ಷರಗಳಿಗೆ ಬಣ್ಣ ಬಳಿದರು.