ಚಕ್ರದ ಮೇಲಿನ ಮನೆ ಮನೆಗೆ ಬರುವಾಗ

ಅಮೆರಿಕದ ಹಳ್ಳಿಗಾಡಿನಲ್ಲಿ ಸಂಚರಿಸುವವರ ಕಣ್ಣಿಗೆ, ಯಾವುದೋ ಕೊಟ್ಟಿಗೆಯ ಹಿಂದೆಯೋ ಹೊಲದ ಬದುವಿನಲ್ಲೋ, ಮೊಳಕಾಲೆತ್ತರದ ಹುಲ್ಲಿನ ನಡುವೆ ನಿಂತ ಉದ್ದನೆಯ ವಾಹನವೊಂದು ಬೀಳುವುದುಂಟು. ಮುಂದಿನ ಗಾಜು ವಿಶಾಲ, ಮೈ ನುಣುಪು. ಹಿಂಭಾಗ ಮಾತ್ರ ನೆಲಕ್ಕೆ ಕುಸಿದು, ದಣಿದ ನಾಯಿ ಹಿಂಗಾಲ ಮೇಲೆ ಕುಳಿತಂತೆ ತೋರುತ್ತದೆ. ಜನರಲ್ ಮೋಟಾರ್ಸ್ ಸಂಸ್ಥೆಯು 1973ರಿಂದ 1978ರವರೆಗಿನ ಮಾದರಿಗಳಾಗಿ ಹೊರತಂದ 'ಜಿ.ಎಂ.ಸಿ. ಮೋಟಾರ್‌ಹೋಮ್' ಇದು. ಆ ವರ್ಷಗಳಲ್ಲಿ ತಯಾರಾದವು 13,000ಕ್ಕೆ ತುಸು ಕಡಿಮೆ. 1981ರ 'ಸ್ಟ್ರೈಪ್ಸ್' ಎಂಬ ಹಾಸ್ಯಚಿತ್ರದಲ್ಲಿ ಸೈನ್ಯದ ಗುಪ್ತ ವಾಹನದ ವೇಷ ತೊಟ್ಟು ನಟಿಸಿದುದೂ ಇದೇ ಗಾಡಿಯೇ.

23 ಅಥವಾ 26 ಅಡಿ ಉದ್ದದ ಈ ಗಾಡಿಯೊಳಗೆ ಒಲೆ, ಹಾಸಿಗೆ, ಸ್ನಾನದ ಮನೆ ಎಲ್ಲವೂ ಉಂಟು. ಇಂಜಿನ್ನು ಎಳೆಯುವುದು ಮುಂದಿನ ಗಾಲಿಗಳನ್ನು. ಹಿಂದೆ ಒಂದೊಂದು ಬದಿಗೆ ಎರಡೆರಡು ಗಾಲಿಗಳು. ಎಡಬಲದ ಗಾಲಿಗಳನ್ನು ಕೂಡಿಸುವ ಅಚ್ಚಿಲ್ಲದುದರಿಂದ ನೆಲವು ಬಹಳ ತಗ್ಗಿನಲ್ಲಿದೆ. ಮೇಲ್ಮೈ ಅಲ್ಯುಮಿನಿಯಂ ಮತ್ತು ಗಾಜಿನ ನಾರಿನದು. ಅದು ತುಕ್ಕು ಹಿಡಿಯದು. ಇಪ್ಪತ್ತು ಮಳೆಗಾಲ ಕಳೆದರೂ ಗಾಡಿಯ ಮುಖದಲ್ಲಿ ಕಳೆ ಉಳಿದಿರುವುದಕ್ಕೆ ಇದೇ ಕಾರಣ. ಕೊಳ್ಳುವವನು ಮೋಸಹೋಗುವುದಕ್ಕೂ ಇದೇ.

ಹೊಸ ಬ್ಯಾಟರಿ ತಂದು, ಡಬ್ಬಿಯಿಂದ ನಾಲ್ಕು ಹನಿ ಹೊಸ ಪೆಟ್ರೋಲು ಹಾಕಿ ಕೀಲಿ ತಿರುವಿದರೆ, ಏಳೂವರೆ ಲೀಟರಿನ ಆ ಓಲ್ಡ್ಸ್‌ಮೊಬೈಲ್ ಇಂಜಿನ್ನು ಕೆಮ್ಮಿ, ಹೊಗೆಯುಗುಳಿ, ಗರ್ಜಿಸಿಯೇ ಬಿಡುವುದು. ಕೊಂಡವನ ಮುಖ ಅರಳುವುದು. "ಇನ್ನೇನು, ಓಡಿಸಿಕೊಂಡೇ ಹೋಗೋಣ" ಎನ್ನುವನು. ಪಕ್ಕದಲ್ಲಿ ನಿಂತ ಮನೆಯಾಕೆ, "ಹೊರಟಿತು, ಸರಿ, ನಿಲ್ಲುವುದೋ?" ಎಂದು ಕೇಳಿದರೆ, ಆ ಹೊತ್ತಿನಲ್ಲಿ ಅದಕ್ಕಿಂತ ಬುದ್ಧಿವಂತಿಕೆಯ ಮಾತು ಬೇರಿಲ್ಲ.

ಐದು ಟನ್ನಿನ ಆಸುಪಾಸಿನ ಭಾರವಿದು. ಬ್ರೇಕಿನ ದ್ರವಕ್ಕೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವಿದೆ. ವರ್ಷಾನುಗಟ್ಟಲೆ ನಿಂತ ಗಾಡಿಯಲ್ಲಿ ಆ ತೇವವು ಗಾಲಿಯ ಸಿಲಿಂಡರುಗಳನ್ನು ಒಳಗಿನಿಂದಲೇ ತಿಂದಿರುತ್ತದೆ. ಅಂಗಳದಲ್ಲಿ ಪೆಡಲು ಗಟ್ಟಿಯಾಗಿಯೇ ಇರಬಹುದು. ಇಳಿಜಾರಿನಲ್ಲಿ ಬಲವಾಗಿ ಒತ್ತಿದಾಗ ಹಳೆಯ ರಬ್ಬರು ಹರಿದು, ಕಾಲು ನೆಲಕ್ಕೆ ತಾಗುವುದು. ರಬ್ಬರು ಕೊಳವೆಗಳೂ ಒಳಗೆ ಊದಿಕೊಂಡಿರುತ್ತವೆ: ಒತ್ತಿದ ದ್ರವ ಹೋಗುತ್ತದೆ, ಹಿಂದಿರುಗುವುದಿಲ್ಲ, ಬ್ರೇಕು ಹಿಡಿದಲ್ಲೇ ಹಿಡಿದು ಗಾಲಿ ಕಾಯುತ್ತದೆ. ಆರು ಗಾಲಿಗಳನ್ನೂ ಬಿಚ್ಚಿ ನೋಡದೆ, ಕೊಳವೆ ಮತ್ತು ದ್ರವಗಳನ್ನು ಬದಲಿಸದೆ ಹೆದ್ದಾರಿಗಿಳಿಯುವುದು ಸಾಹಸವಲ್ಲ, ಅವಿವೇಕ.

ಟೈರುಗಳ ವಿಷಯದಲ್ಲಿ ಕಣ್ಣು ಸುಳ್ಳು ಹೇಳುತ್ತದೆ. ಹಲ್ಲು ಸವೆದಿಲ್ಲ, ಹೊಳಪಿದೆ, ಆದರೆ ವಯಸ್ಸು? 2000ದಿಂದೀಚೆಗೆ ತಯಾರಾದ ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕೆಗಳಿರುತ್ತವೆ. '2304' ಎಂದಿದ್ದರೆ 2004ನೆಯ ಇಸವಿಯ 23ನೆಯ ವಾರ. ಮೂರೇ ಅಂಕೆ ಕಂಡರೆ ಅದು ಹಿಂದಿನ ಶತಮಾನದ ಸರಕು, ಮಾತೇ ಬೇಡ. ಮೂಲದ 16.5 ಅಂಗುಲದ ಗಾಲಿಗಳಿಗೆ ಟೈರು ದೊರಕುವುದು ದುರ್ಲಭವಾದುದರಿಂದ, ಬಹುತೇಕ ಮಾಲೀಕರು 16 ಅಂಗುಲದ ಗಾಲಿಗಳಿಗೆ ಬದಲಾಯಿಸಿಕೊಂಡಿದ್ದಾರೆ.

ಎಲ್ಲಕ್ಕಿಂತ ಎಚ್ಚರ ಬೇಕಾದುದು ಆ ಕುಸಿದ ಹಿಂಭಾಗದ ಬಳಿ. ಅಲ್ಲಿ ಭಾರ ಹೊರುವುದು ಉಕ್ಕಿನ ಪಟ್ಟಿಗಳಲ್ಲ, ಎರಡೂ ಬದಿಯಲ್ಲಿರುವ ರಬ್ಬರಿನ ಗಾಳಿಚೀಲಗಳು. ಹೊರಗಿನಿಂದ ಗಾಳಿ ತುಂಬಿದರೆ ಗಾಡಿ ಮೆಲ್ಲನೆ ಎದ್ದು ನಿಲ್ಲುತ್ತದೆ. ನೋಡುವವರು ಚಪ್ಪಾಳೆ ತಟ್ಟುತ್ತಾರೆ. ಆಗಲೇ ಉತ್ಸಾಹಿಯೊಬ್ಬನು ಅದರ ಕೆಳಗೆ ನುಸುಳಬಾರದು. ಬಿರಿದ ಚೀಲ ಒಡೆದರೆ ಇಡೀ ಗಾಡಿ ಕ್ಷಣಾರ್ಧದಲ್ಲಿ ಕೆಳಗಿಳಿಯುತ್ತದೆ. ಕೆಳಗಿದ್ದವನಿಗೆ ಕೂಗಲೂ ಸಮಯವಿರದು. ಗಾಳಿಯನ್ನು ನಂಬದೆ, ಚೌಕಟ್ಟಿಗೆ ಭದ್ರವಾದ ಕಬ್ಬಿಣದ ಊರೆಗಳನ್ನು ಕೊಟ್ಟ ಮೇಲೆಯೇ ಒಳಗೆ ಕೈ ಚಾಚತಕ್ಕದ್ದು.

ಇನ್ನು ಬೆಂಕಿ. ಇಂಜಿನ್ನಿರುವುದು ಚಾಲಕನ ಕಾಲ ಬಳಿಯ ನೆಲದಡಿ. ಒಳಗಿನ ಮುಚ್ಚಳ ತೆಗೆದರೆ ಕಾಣುತ್ತದೆ. ಐವತ್ತು ಗ್ಯಾಲನ್, ಎಂದರೆ ಸುಮಾರು 190 ಲೀಟರು, ಪೆಟ್ರೋಲು ಹಿಡಿಸುವ ಎರಡು ಟ್ಯಾಂಕುಗಳಿಂದ ರಬ್ಬರು ನಳಿಗೆಗಳು ಅಲ್ಲಿಗೆ ಬರುತ್ತವೆ. ಅಂದಿನ ರಬ್ಬರು ಇಂದಿನ ಮದ್ಯಸಾರ ಬೆರೆತ ಪೆಟ್ರೋಲನ್ನು ತಾಳಲಾರದು. ಒಂದು ನಳಿಗೆ ಬಿರಿದು ಕಾದ ಹೊಗೆಕೊಳವೆಯ ಮೇಲೆ ತೊಟ್ಟಿಕ್ಕಿದರೆ, ಗಾಜಿನ ನಾರಿನ ಮೈ ನಿಮಿಷಗಳಲ್ಲಿ ಉರಿಯುವುದು. ಆದುದರಿಂದ ಜಾಣರು ಹಳೆಯ ಟ್ಯಾಂಕುಗಳನ್ನು ಮುಟ್ಟುವುದೇ ಇಲ್ಲ. ನಳಿಗೆಗಳನ್ನು ಹೊಸದಾಗಿಸಿ, ಕೊಳೆತ ಪೆಟ್ರೋಲನ್ನು ಬಸಿದ ಮೇಲೆಯೇ ಇಂಜಿನ್ನಿನ ಮಾತು. ಬೆಂಕಿ ಆರಿಸುವ ಉಪಕರಣ ಕೈಗೆಟುಕುವಂತಿರಬೇಕು, ಹಾಸಿಗೆಯ ಕೆಳಗಲ್ಲ.

ಇಷ್ಟನ್ನೂ ಹೊಲದಲ್ಲಿಯೇ ಮಾಡುವುದು ಎಲ್ಲರಿಂದಾಗದು. ಹಾಗಾದರೆ ತಗ್ಗುಹಲಗೆಯ ಲಾರಿಯೇ ಸರಿ. ಬಾಡಿಗೆ ಕೇಳಿ ಎದೆ ಧಸಕ್ಕೆನ್ನಬಹುದು, ಆದರೂ ಸುಟ್ಟ ಗಾಡಿಯ ಬೆಲೆಗಿಂತ ಅದು ಕಡಿಮೆಯೇ. ಮುಂದಿನ ಗಾಲಿ ಎತ್ತಿ ಎಳೆದೊಯ್ಯುವುದೂ ಉಂಟು. ಹಿಂದಿನ ಚೀಲಗಳು ಗಾಳಿ ಹಿಡಿಯದಿದ್ದರೆ ಬಾಲ ರಸ್ತೆಗೆ ಉಜ್ಜುವುದು.

ಓಡಿಸಿಯೇ ತೀರುವೆನೆಂಬವನು ಬೆಳಗಿನ ಜಾವ, ಜನವಿರಳವಾದ ಅಡ್ಡರಸ್ತೆ ಹಿಡಿಯುವನು. ಹಿಂದೆ ಗೆಳೆಯನ ಕಾರು ದೀಪ ಮಿನುಗಿಸುತ್ತ ಬರುವುದು. ಐದು ಮೈಲಿಗೆ ಮೊದಲ ನಿಲುಗಡೆ: ಒಂದೊಂದು ಗಾಲಿಯ ಹತ್ತಿರಕ್ಕೂ ಅಂಗೈ ಒಯ್ದು ನೋಡುವುದು. ಉಳಿದವು ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕು ಹಿಡಿದಿದೆ ಎಂದೇ ಅರ್ಥ. ಪಯಣ ಅಲ್ಲಿಗೆ ಮುಗಿಯಿತು, ಲಾರಿಗೆ ಫೋನು. ಸುಡದಿದ್ದರೆ ಇನ್ನೈದು ಮೈಲಿ.

ಮನೆಯಂಗಳ ಸೇರಿದ ಮೇಲೆ ತೇರಿನ ಗಾಲಿಗೆ ಕೊಡುವಂತೆ ಆರು ಗಾಲಿಗೂ ಮರದ ತುಂಡು ಕೊಟ್ಟು, ಬ್ಯಾಟರಿಯ ತಂತಿ ಕಳಚಿದರೆ ಆ ದಿನದ ಕೆಲಸ ತೀರಿತು. ಮರುದಿನ ಬಾಗಿಲು ತೆರೆದಾಗ ಒಲೆಯ ಹಿಂದಿನಿಂದ ಇಲಿಯೊಂದು ಇಣುಕಬಹುದು. ಟಿಕೆಟ್ಟಿಲ್ಲದೆ ಅಷ್ಟು ದೂರ ಬಂದದ್ದು ಅದು.